ಅತ್ತೆಯ ಧ್ವನಿಗೆ ಮೆರುಗು

ಜೂನ್ 3

ಮದುವೆಯಾಗಿ ಇವತ್ತಿಗೆ ಮೂವತ್ತೆಂಟು ದಿನ! ಎಣಿಸುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ, ಹಾಗಾಗಿ ಎಣಿಸುತ್ತಲೇ ಇದ್ದೇನೆ. ಬೆಳಿಗ್ಗೆ ಅಂಗಡಿಗೆ ಹೊರಟ ಇವರು ಗೇಟಿನ ತನಕ ಹೋಗಿ, ಏನೋ ಮರೆತವರ ಹಾಗೆ ವಾಪಸ್ ಬಂದರು. ಮರೆತದ್ದು ಏನೂ ಇರಲಿಲ್ಲ. ಕನ್ನಡಕದ ಅಂಗಡಿ ಇಟ್ಟವರಿಗೆ ಕಣ್ಣಲ್ಲೇ ಮಾತಾಡುವುದು ಬರುತ್ತದೆ. ಸಾಕು, ಇದನ್ನು ಯಾರಾದರೂ ಓದಿದರೆ ನನ್ನ ಮಾನ ಹೋಗುತ್ತದೆ.

ಕನ್ನಡದಲ್ಲಿ ದಿನಚರಿ ಬರೆಯುವುದು ಅತ್ತೆಯ ಸಲಹೆ. ಹೋದ ವಾರ ನಾನು ಪೇಪರ್ ಓದಿ ಹೇಳುವಾಗ ಸಾಲಿಗೊಮ್ಮೆ ಎಡವಿದ್ದು ಕೇಳಿ, "ಇಂಗ್ಲಿಷ್ ಮೀಡಿಯಂ ತಾಯಿ, ದಿನಕ್ಕೊಂದು ಪುಟ ಬರಿ. ನಾನು ಓದಲ್ಲ, ಆಣೆ" ಎಂದು ನಕ್ಕರು. ಅತ್ತೆ ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ನಿವೃತ್ತರಾಗಿ ಏಳು ವರ್ಷವಾದರೂ ಊಟಕ್ಕೆ ಕರೆಯುವುದು ಇನ್ನೂ ಹಾಗೇ: "ಗಮನವಿಟ್ಟು ಕೇಳಿ. ಸಾರು ಇನ್ನೇನು ಮೇಜಿಗೆ ಬರಲಿದೆ. ಕೈ ತೊಳೆಯದವರು ಹಳಿಯಿಂದ ದೂರ ನಿಲ್ಲಬೇಕಾಗಿ ವಿನಂತಿ." ಎಂಥ ಧ್ವನಿ! ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯವರೂ ಕೈ ತೊಳೆಯಲು ಹೋಗುತ್ತಾರೇನೋ.

ಈಗ ಅವರು ಅಂಧರ ಗ್ರಂಥಾಲಯಕ್ಕಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುತ್ತಾರೆ. ಸ್ಟುಡಿಯೋ ಎಂದರೆ ಅವರ ಕೋಣೆಯ ಬಟ್ಟೆ ಬೀರು. ಎರಡೂ ಬಾಗಿಲು ತೆರೆದು, ಮೇಲೆ ಕಂಬಳಿ ಇಳಿಬಿಟ್ಟು, ಸ್ಟೂಲಿನ ಮೇಲೆ ಕೂತು, ಮಡಿಸಿಟ್ಟ ಬಟ್ಟೆಗಳ ಮುಂದೆ ಮೈಕ್ ಇಟ್ಟು ಓದುವುದು. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದಂತೆ. ಈಗ ಓದುತ್ತಿರುವುದು ಸಮುದ್ರಯಾನಗಳ ಚರಿತ್ರೆ, ಮೂವತ್ತು ಅಧ್ಯಾಯ. ಬೀರುವಿನೊಳಗೆ ಹಡಗು ಮುಳುಗುವುದನ್ನು ನಾನು ಹೊರಗೆ ನಿಂತು ಕೇಳಿದ್ದೇನೆ!

ತಪ್ಪುಗಳನ್ನು ಕತ್ತರಿಸುತ್ತಿದ್ದ ಗ್ರಂಥಾಲಯದ ಸಿಬ್ಬಂದಿಯೊಬ್ಬರು ಕೆಲಸ ಬಿಟ್ಟರಂತೆ. ಇನ್ನು ಓದುವವರೇ ಮನೆಯಲ್ಲಿ ಎಡಿಟ್ ಮಾಡಿ ಕಳಿಸಬೇಕು. "ಯಾವ ಸಾಫ್ಟ್‌ವೇರ್ ಅಂತ ನೀನೇ ನೋಡಮ್ಮ. ಎರಡು ಸಲ ಓದಿದ ಸಾಲು ಒಂದು ಸಲ ಆದ್ರೆ ಸಾಕು ನಂಗೆ" ಎಂದರು ಅತ್ತೆ. ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ! ನರ್ಸರಿ ಮಕ್ಕಳಿಗೆ ಬಣ್ಣ ಕಲಿಸುವವಳಿಗೆ ಇದೇನು ದೊಡ್ಡದು.

ಜೂನ್ 6

ಮೂರು ಸಾಫ್ಟ್‌ವೇರ್ ಹಾಕಿ ನೋಡಿದೆ.

ಮೊದಲನೆಯದು ಪೂರ್ತಿ ಉಚಿತ. ಎಲ್ಲರೂ ಹೊಗಳುತ್ತಾರೆ. ಆದರೆ ತೆರೆದರೆ ವಿಮಾನದ ಪೈಲಟ್ ಸೀಟಿನಲ್ಲಿ ಕೂತ ಹಾಗೆ, ಬೂದು ಬಣ್ಣ, ಗುಂಡಿಗಳೇ ಗುಂಡಿಗಳು. ಇವರು ಹಿಂದಿನಿಂದ ಇಣುಕಿ, "ಎದ್ದು ಬಾರೆ, ಗಾಡಿ ಮೇಲಕ್ಕೆ ಹಾರಿಬಿಟ್ರೆ ಕಷ್ಟ" ಎಂದರು.

ಎರಡನೆಯದು ಬಹಳ ಶಿಸ್ತಿನದು. ಓದಿದ ಮೂಲ ಕಡತವನ್ನು ಮುಟ್ಟುವುದೇ ಇಲ್ಲ. ಅದನ್ನು ಹಾಗೇ ಇಟ್ಟು, ಕತ್ತರಿಸಿದ್ದನ್ನು ಬೇರೆ ಕಡೆ ಬರೆದುಕೊಂಡು, ಕೊನೆಗೆ ಮೂರನೆಯ ಕಡತ ಮಾಡಿಕೊಡುತ್ತದೆ. ಒಂದು ಅಧ್ಯಾಯಕ್ಕೆ ಮೂರು ಕಡತ! ನನ್ನ ಗಣಿತದ ಮಿಸ್ ಸಾಫ್ಟ್‌ವೇರ್ ಆಗಿ ಹುಟ್ಟಿದ್ದರೆ ಹೀಗೇ ಇರುತ್ತಿದ್ದರು.

ಮೂರನೆಯದು, ಆಹಾ! ತಿಳಿ ನೀಲಿ, ದುಂಡನೆಯ ಅಕ್ಷರ, ಮಧ್ಯದಲ್ಲಿ ಒಂದೇ ದೊಡ್ಡ ಗುಂಡಿ: ಮೆರುಗು. ಒತ್ತಿದರೆ ಫ್ಯಾನಿನ ಸದ್ದು ಮಾಯ, ಬೀದಿಯ ಹಾರ್ನ್ ಮಾಯ, ಧ್ವನಿ ಹೊಸದಾಗಿ ಇಸ್ತ್ರಿ ಮಾಡಿದ ಹಾಗೆ. ನನ್ನ ಧ್ವನಿಯನ್ನೇ ಹಾಕಿ ನೋಡಿದೆ. ನಾನು ಯಾವುದೋ ದೇಶದ ರಾಣಿ!

ಕತ್ತರಿಸಲು ಮೂರರಲ್ಲಿ ಯಾವುದಾದರೂ ಸಾಕು, ನಿಜ. ಆದರೆ ಮೂರನೆಯದು ಎಷ್ಟು ಮುದ್ದಾಗಿದೆ! ಉಳಿಸುವಾಗ ಒಂದು ಎಚ್ಚರಿಕೆ ಬಂತು: "ಹಳೆಯ ಕಡತದ ಮೇಲೆಯೇ ಬರೆಯಲಾಗುವುದು." ಕೆಳಗಿದ್ದ "ಮತ್ತೆ ಕೇಳಬೇಡ" ಚೌಕಕ್ಕೆ ಟಿಕ್ ಹಾಕಿದೆ. ಅದನ್ನೇ ಆರಿಸಿದೆ.

ಜೂನ್ 14

ಹದಿನಾರನೆಯ ಅಧ್ಯಾಯ. ಅತ್ತೆಯ ಓದು ಕೊನೆಯ ಹತ್ತು ನಿಮಿಷ ಸ್ವಲ್ಪ ಗೊಗ್ಗರಾಗಿತ್ತು, ಮರಳಿನ ಮೇಲೆ ಕುರ್ಚಿ ಎಳೆದ ಹಾಗೆ. ಓದಿ ಓದಿ ಸುಸ್ತಾಗಿರಬೇಕು. ಮತ್ತೆ ಓದಿಸುವುದೇಕೆ ಪಾಪ ಎಂದು ಇಡೀ ಅಧ್ಯಾಯಕ್ಕೆ ಮೆರುಗು ಒತ್ತಿದೆ. ಮರಳೂ ಇಲ್ಲ, ಕುರ್ಚಿಯೂ ಇಲ್ಲ!

ಸಂಜೆ ಗ್ರಂಥಾಲಯದ ಮೇಡಂ ಫೋನ್ ಮಾಡಿ, "ಏನ್ರೀ ಇದು, ಹತ್ತು ವರ್ಷ ಚಿಕ್ಕೋರಾಗಿದೀರಿ!" ಎಂದರಂತೆ. ಅತ್ತೆ ಫೋನಿಟ್ಟು ನನ್ನ ಗಲ್ಲ ಹಿಂಡಿ, "ಎಲ್ಲಾ ನಮ್ಮ ಸೌಂಡ್ ಇಂಜಿನಿಯರ್ ದಯೆ" ಎಂದರು. ಇವರ ಮುಂದೆ ಎರಡು ಸಲ ಹೇಳಿದರು. ಇವರು ನನ್ನನ್ನು ನೋಡಿದ ನೋಟ! ನಾನು ನೆಲದ ಮೇಲೆ ಇರಲಿಲ್ಲ.

ಮೆರುಗಿನ ವಿಷಯ ಅತ್ತೆಗೆ ಹೇಳಲಿಲ್ಲ. ತಮ್ಮ ಧ್ವನಿಯೇ ಎಂದು ಅವರು ಖುಷಿಪಡುತ್ತಿದ್ದಾಗ ಏಕೆ ಹೇಳಬೇಕು?

ಜೂನ್ 29

ಹತ್ತೊಂಬತ್ತನೆಯದೂ ಗೊಗ್ಗರು. ಮೆರುಗಿನ ಅಳತೆ ಅರವತ್ತರಿಂದ ಎಂಬತ್ತಕ್ಕೆ ಏರಿಸಿದೆ. ಸರಿಹೋಯಿತು.

ಇವರ ಜೊತೆ ಕೆರೆಯ ಸುತ್ತ ಎರಡು ಸುತ್ತು. ಸ್ವರ್ಗ.

ಜುಲೈ 11

ಅತ್ತೆ ಇವತ್ತು ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತೊಂದನೆಯ ಅಧ್ಯಾಯ ಪೂರ್ತಿ ಕೇಳಿದರು. ನಾನು ತರಕಾರಿ ಹೆಚ್ಚುತ್ತಾ ಕಳ್ಳನ ಹಾಗೆ ನೋಡುತ್ತಿದ್ದೆ. ಹೆಡ್‌ಫೋನ್ ತೆಗೆದು ಗಂಟಲ ಮೇಲೆ ಕೈಯಿಟ್ಟುಕೊಂಡರು.

"ಅಲ್ಲಮ್ಮ, ನಂಗೆ ಮಾತಾಡ್ವಾಗ ಇಲ್ಲಿ ಗರಗರ ಅನ್ಸುತ್ತೆ. ಕೇಳಿದ್ರೂ ಒಡಕು. ಇದ್ರಲ್ಲಿ ನೋಡಿದ್ರೆ ಗಾಜಿನ ಹಾಗಿದೆ. ಯಾವುದು ನಿಜ?"

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಬದಲಿಗೆ ನನ್ನ ಬಾಯಿಂದ ಎಂಟನೆಯ ಕ್ಲಾಸಿನ ವಿಜ್ಞಾನ ಬಂತು: "ಅದೇನಾಗುತ್ತೆ ಅಂದ್ರೆ ಅತ್ತೆ, ನಮ್ಮ ಧ್ವನಿ ನಮಗೆ ತಲೆಯ ಮೂಳೆ ಮೂಲಕವೂ ಕೇಳ್ಸುತ್ತೆ. ಅದಕ್ಕೇ ಬೇರೆ ಥರ ಅನ್ಸೋದು. ರೆಕಾರ್ಡಿಂಗೇ ನಿಜವಾದ್ದು."

"ಹೌದಾ? ನೋಡು, ಮೂವತ್ತೊಂದು ವರ್ಷ ಮೈಕ್ ಹಿಡಿದೆ, ಯಾರೂ ಹೇಳಿರ್ಲಿಲ್ಲ. ಓದಿದೋಳು ಮನೇಲಿರಬೇಕು ಅನ್ನೋದು ಇದಕ್ಕೇ."

ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಮೂಳೆಯ ವಿಷಯ ನಿಜ. ಬೇಕಾದರೆ ಪುಸ್ತಕದಲ್ಲಿ ನೋಡಬಹುದು.

ಜುಲೈ 13

ತಿಂಡಿಯ ಹೊತ್ತಿಗೆ ಇವರು, "ಅಮ್ಮಾ, ನಿನ್ನ ಗಂಟಲು ಕೆಟ್ಟು ಎಷ್ಟು ದಿನ ಆಯ್ತು? ನಡಿ, ಡಾಕ್ಟರಿಗೆ ತೋರ್ಸೋಣ" ಎಂದರು.

"ನಂಗೇನಾಗಿದೆಯೋ?"

"ಬಾಗಿಲು ಕಿರುಗುಟ್ಟಿದ ಹಾಗೆ ಮಾತಾಡ್ತೀಯ."

"ನಿನ್ನ ಕಿವಿಗೆ ಎಣ್ಣೆ ಬಿಡ್ಸು ಮೊದ್ಲು. ಬಾ ಇಲ್ಲಿ." ಅತ್ತೆ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, ಮೊನ್ನೆಯ ಅಧ್ಯಾಯ ಹಾಕಿದರು. ಬಿರುಗಾಳಿ, ಹಾಯಿಪಟ, ನಾವಿಕರ ಕೂಗು, ಎಲ್ಲಾ ಗಾಜಿನ ಹಾಗೆ. "ಇದು ಕಿರುಗುಟ್ಟುತ್ತಾ? ಹೇಳು! ನಮ್ಮ ಕಿವಿಗೆ ಒಂದು ಥರ, ಮಿಷನ್ನಿಗೆ ಒಂದು ಥರ. ನಿನ್ನ ಹೆಂಡ್ತೀನ ಕೇಳು, ಮೂಳೆ ಕಥೆ ಹೇಳ್ತಾಳೆ."

ಇವರು ನನ್ನ ಕಡೆ ತಿರುಗಿದರು. "ಹೌದೇನೇ?"

ಬೇರೆಯವರ ಧ್ವನಿಗೆ ಆ ಮೂಳೆಯ ಮಾತು ಹೊಂದುವುದೇ ಇಲ್ಲ, ಇವರಿಗೆ ಕೇಳಿದ್ದು ಕಿವಿಯಿಂದಲೇ. ಅದು ನನಗೆ ಗೊತ್ತಿತ್ತು. ನಾನು ನಕ್ಕೆ. ಬರೀ ನಕ್ಕೆ. ಆ ನಗುವನ್ನು ಇವರು ಹೌದು ಎಂದುಕೊಂಡರು, ತಟ್ಟೆ ಎತ್ತಿಟ್ಟು ಅಂಗಡಿಗೆ ಹೋದರು. ಗೇಟಿನಿಂದ ತಿರುಗಿ ನೋಡಿದಾಗ ನಾನು ಕೈ ಬೀಸಲಿಲ್ಲ. ಕೈಯಲ್ಲಿ ಪಾತ್ರೆ ಇತ್ತು. ಇಲ್ಲ, ಇರಲಿಲ್ಲ.

ಜುಲೈ 14

ಇವತ್ತು ಹೇಳುತ್ತೇನೆ ಎಂದುಕೊಂಡೆ. ಅತ್ತೆ ನನ್ನ ತಾಯಿಗೆ ಫೋನಿನಲ್ಲಿ, "ನಿಮ್ಮ ಮಗಳು ಬಂದ್ಮೇಲೆ ನನ್ನ ಧ್ವನಿಗೇ ಜೀವ ಬಂದಿದೆ" ಎನ್ನುತ್ತಿದ್ದರು. ಹೊಗಳಿ ಅಟ್ಟಕ್ಕೆ ಏರಿಸಿದವರ ಎದುರು ಇಳಿಯಲು ಏಣಿ ಎಲ್ಲಿ ಹುಡುಕಲಿ?

ಜುಲೈ 22

ಮೆರುಗು ನೂರು. ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಆಗಸ್ಟ್ 2

ಮಧ್ಯಾಹ್ನ ಒಂದು ಫೋನ್. ಗ್ರಂಥಾಲಯದಲ್ಲಿ ಪ್ರತಿ ಅಧ್ಯಾಯವನ್ನೂ ಮೊದಲು ಕೇಳಿ ತಪ್ಪು ಹುಡುಕುವವರು ಒಬ್ಬರಿದ್ದಾರೆ. ಹುಟ್ಟಿನಿಂದ ಕಣ್ಣಿಲ್ಲ, ಕೆಲಸ ಟೆಲಿಫೋನ್ ಆಪರೇಟರ್. ಅತ್ತೆ ಅವರನ್ನು ಆಪರೇಟರ್ ಅಣ್ಣ ಎನ್ನುತ್ತಾರೆ. ಅವರು ಕೇಳಿದ್ದು ಅತ್ತೆಯನ್ನಲ್ಲ, ನನ್ನನ್ನು.

"ನೀವೇ ಏನಮ್ಮ ಸೊಸೆ? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಏಳು ವರ್ಷದಿಂದ ಅಕ್ಕಾವರ ಓದು ಕೇಳ್ತಿದೀನಿ. ವಾಕ್ಯ ಶುರು ಮಾಡೋ ಮುಂಚೆ ಒಂದು ಸಣ್ಣ ಉಸಿರು ತಗೋತಾರೆ. ಹದಿನಾರನೇ ಅಧ್ಯಾಯದಿಂದ ಆ ಉಸಿರೇ ಇಲ್ಲ. ಎಲ್ಲೋಯ್ತು?"

"ಅದು... ಸಾಫ್ಟ್‌ವೇರ್ ಸರ್. ಕ್ಲೀನ್ ಮಾಡುತ್ತೆ."

"ಕ್ಲೀನ್ ಮಾಡೋಕೆ ಅಂಥ ಗಲೀಜು ಏನಿತ್ತು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಅವರಿಗೆ ಅದೂ ಕೇಳಿಸಿರಬೇಕು.

"ನಂಗೆ ಮುಖ ಕಾಣಲ್ಲ ತಾಯಿ. ಆದ್ರೆ ಪೌಡರ್ ಹಚ್ಚಿದ್ದು ಗೊತ್ತಾಗುತ್ತೆ. ಅದರ ಕೆಳಗೇನಿದೆ ಅಂತ ನಿಮಗೊಬ್ಬರಿಗೇ ಗೊತ್ತಿರೋದು. ನನ್ನ ಜೊತೆ ಕೆಲಸ ಮಾಡೋನೊಬ್ಬನಿಗೆ ಗಂಟಲು ಒಡೆದಿತ್ತು. ತಡವಾಗಿ ತೋರ್ಸಿದ. ಅಷ್ಟೇ ಹೇಳ್ಬೇಕಿತ್ತು. ಇಡ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಫೋನಿಟ್ಟು ನನ್ನ ಗಂಟಲು ಮುಟ್ಟಿಕೊಂಡೆ.

ಆಗಸ್ಟ್ 3

ಎಲ್ಲವನ್ನೂ ಇವರಿಗೆ ಹೇಳಿಬಿಡುವುದು, ಮೊದಲಿನ ಧ್ವನಿ, ಮೆರುಗಿನ ಧ್ವನಿ ಎರಡನ್ನೂ ಕೇಳಿಸುವುದು ಎಂದು ನಿರ್ಧರಿಸಿ ಲ್ಯಾಪ್‌ಟಾಪ್ ತೆರೆದೆ. ಮೊದಲಿನದು ಇಲ್ಲ. ಯಾವ ಅಧ್ಯಾಯದ್ದೂ ಇಲ್ಲ. ಒಂದರ ಮೇಲೊಂದು ಬರೆದು ಬರೆದು ಮೂಲ ಅಳಿಸಿಹೋಗಿದೆ. ನಾನೇ ಟಿಕ್ ಹಾಕಿದ್ದೆ. ಎರಡನೆಯ ಸಾಫ್ಟ್‌ವೇರ್ ಆರಿಸಿದ್ದರೆ ಇಷ್ಟೂ ಅಧ್ಯಾಯಗಳ ಒಡಕು, ವಾರದಿಂದ ವಾರಕ್ಕೆ ಹೇಗೆ ಬೆಳೆಯಿತು ಎಂಬುದು, ಸಾಲಾಗಿ ಕೂತಿರುತ್ತಿತ್ತು.

ತೋರಿಸಲು ಏನೂ ಇಲ್ಲದ ಮೇಲೆ ಹೇಳುವುದು ಹೇಗೆ ಎಂದುಕೊಂಡು ಮುಚ್ಚಿಟ್ಟೆ. ಇದನ್ನು ಬರೆಯುವಾಗ ಕಾಣುತ್ತಿದೆ, ಹೇಳಲು ಬಾಯೊಂದಿದ್ದರೆ ಸಾಕಿತ್ತು.

ಆಗಸ್ಟ್ 9

ಊಟ ಕೊಡುವ ನೆಪದಲ್ಲಿ ಅಂಗಡಿಗೆ ಹೋದೆ. ಇವರು ಯಾರೋ ಅಜ್ಜಿಗೆ ಅಕ್ಷರದ ಫಲಕ ಓದಿಸುತ್ತಿದ್ದರು. "ಕಾಣದಿದ್ರೆ ಕಾಣಲ್ಲ ಅನ್ನಿ ಅಜ್ಜಿ. ಊಹೆ ಮಾಡಿ ಹೇಳಿದ್ರೆ ನಾನು ತಪ್ಪು ಗಾಜು ಹಾಕ್ಬಿಡ್ತೀನಿ." ಡಬ್ಬಿ ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ಆಗಸ್ಟ್ 17

ಇವತ್ತು ಇಪ್ಪತ್ತೆಂಟನೆಯ ಅಧ್ಯಾಯಕ್ಕೆ ಮೆರುಗು ಒತ್ತಲಿಲ್ಲ. ಹಾಗೇ ಅತ್ತೆಗೆ ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ಕೇಳಿ ತಲೆಯೆತ್ತಿದರು.

"ಯಾರಿದು ಓದಿರೋದು?"

"ನೀವೇ ಅತ್ತೆ."

ಮತ್ತೆ ಮೊದಲಿನಿಂದ ಹಾಕಿದರು. ಬೆರಳು ಮೇಜಿನ ಅಂಚನ್ನು ಹಿಡಿದುಕೊಂಡಿತು. "ಇವತ್ತು ಗಂಟಲು ಇಷ್ಟು ಕೆಟ್ಟಿದ್ಯಾ?"

"ಇವತ್ತು... ಹೌದು. ಡಾಕ್ಟರಿಗೆ ತೋರ್ಸೋಣ ಅತ್ತೆ. ನಾಳೆನೇ."

ಇವತ್ತು ಎಂದೆ. ಅರ್ಧ ನಿಜ. ಉಳಿದರ್ಧ ಬಾಯಲ್ಲೇ ಉಳಿಯಿತು. ಆದರೂ ಹೋಗಲು ಒಪ್ಪಿದರು.

ಆಗಸ್ಟ್ 19

ಗಂಟಲಿನ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಗುಲಾಬಿ ಬಣ್ಣದ ಎರಡು ಪಟ್ಟಿ, ಒಂದರ ಮೇಲೆ ಬಿಳಿ ಗಂಟು. ಮುಚ್ಚಳ ಬಾಯಿಂದ ತೆಗೆದು ಕೇಳಿದರು: "ಧ್ವನಿ ಯಾವಾಗಿಂದ ಹೀಗಿದೆ?"

"ಹದಿನೈದು ದಿನ ಇರ್ಬಹುದು" ಎಂದರು ಅತ್ತೆ.

"ಒಂದು ತಿಂಗಳು" ಎಂದರು ಇವರು. "ಆದ್ರೆ ರೆಕಾರ್ಡಿಂಗ್‌ನಲ್ಲಿ ಚೆನ್ನಾಗೇ ಇತ್ತು ಡಾಕ್ಟ್ರೇ, ಅದಕ್ಕೇ ಸುಮ್ಮನಾದ್ವಿ."

ಡಾಕ್ಟರ್ ಬರೆಯಲು ಹೊರಟರು. ಪೆನ್ನು ಕಾಗದ ಮುಟ್ಟಿತ್ತು.

"ಜೂನ್ ಹದಿನಾಲ್ಕು" ಎಂದೆ. "ಅವತ್ತಿಂದ. ನಾನು ಸಾಫ್ಟ್‌ವೇರ್‌ನಲ್ಲಿ ಒಡಕು ತೆಗೀತಿದ್ದೆ. ಪ್ರತಿ ಸಲ. ಇವರಿಬ್ಬರಿಗೂ ಹೇಳ್ಲಿಲ್ಲ. ಪ್ರತಿ ವಾರ ಜಾಸ್ತಿ ಆಗ್ತಿತ್ತು."

ಡಾಕ್ಟರ್ ತಲೆಯೆತ್ತದೆ ಜೂನ್ ಹದಿನಾಲ್ಕು ಎಂದು ಬರೆದುಕೊಂಡರು. ಅತ್ತೆ ಪರದೆಯ ಮೇಲಿನ ಗಂಟನ್ನೇ ನೋಡುತ್ತಿದ್ದರು. ಹೊರಗೆ ಬೆಂಚಿನ ಹತ್ತಿರ ಇವರು ಹೇಳಿದ್ದು ಒಂದೇ ಮಾತು: "ಅವತ್ತು ನಾನು ಕೇಳ್ದಾಗ ನೀನು ನಕ್ಕೆ."

ಆಗಸ್ಟ್ 28

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಹತ್ತು ದಿನ ಅತ್ತೆ ಮಾತಾಡುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ. ಅಂಗಡಿಯ ಚೀಟಿ ಪುಸ್ತಕದಲ್ಲಿ ಬರೆದು ತೋರಿಸುತ್ತಾರೆ. ಇವರಿಗೆ ಎಂಟು ಚೀಟಿ. ಹಾಲಿನವಳಿಗೂ ಒಂದು. ನನಗೆ ಇಲ್ಲ.

ಊಟಕ್ಕೆ ಯಾರೂ ಕರೆಯುವುದಿಲ್ಲ. ತಟ್ಟೆಯ ಸದ್ದು ಕೇಳಿ ಬಂದು ಕೂರುತ್ತೇವೆ.

ಆಗಸ್ಟ್ 30

ಸಂಜೆ ಬಟ್ಟೆ ಮಡಿಸುತ್ತಿದ್ದಾಗ ನನ್ನ ಮುಂದೆ ಒಂದು ಚೀಟಿ ಬಂತು.

"ಒಡಕು ನಂಗೆ ಕೇಳ್ತಿತ್ತು. ನೀನು ಮೂಳೆ ಅಂದೆ. ಮೂವತ್ತೊಂದು ವರ್ಷದ ನನ್ನ ಕಿವಿ ಬಿಟ್ಟು ನಿನ್ನನ್ನ ನಂಬಿದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ತಪ್ಪಾಯ್ತು ಅತ್ತೆ" ಎಂದೆ. ಹೇಳಿದ ಮೇಲೆ ಆ ಮಾತು ಎಷ್ಟು ಚಿಕ್ಕದೆಂದು ಗೊತ್ತಾಯಿತು. ಅತ್ತೆ ನಾನು ಮಡಿಸಿದ ದಿಂಬಿನ ಚೀಲ ತೆಗೆದುಕೊಂಡು, ಬಿಚ್ಚಿ, ತಾವೇ ಸರಿಯಾಗಿ ಮಡಿಸಿಟ್ಟರು.

ಸೆಪ್ಟೆಂಬರ್ 4

ಫಲಿತಾಂಶ ಬಂತು. ಕ್ಯಾನ್ಸರ್. ಬೇರೆಲ್ಲೂ ಹರಡಿಲ್ಲ, ವಾಸಿಯಾಗುವ ಹಂತದಲ್ಲೇ ಇದೆ ಎಂದರು ಡಾಕ್ಟರ್. ಆರು ವಾರ ವಿಕಿರಣ ಚಿಕಿತ್ಸೆ. ಧ್ವನಿ ಉಳಿಯುತ್ತದೆ, ಆದರೆ ಹಳೆಯದೇ ಆಗಿರುತ್ತದೆಂದು ಮಾತು ಕೊಡಲಾರರು. "ಎರಡು ತಿಂಗಳು ಮೊದ್ಲು ಬಂದಿದ್ರೆ ಲೇಸರ್‌ನಲ್ಲಿ ಒಂದೇ ದಿನಕ್ಕೆ ಮುಗೀತಿತ್ತೇನೋ." ಇದನ್ನು ಅವರು ಯಾರನ್ನೂ ನೋಡದೆ ಹೇಳಿದರು. ನನಗಾಗಿ ಹಾಗೆ ಮಾಡಿದರು ಅನಿಸಿತು. ಅದು ಇನ್ನೂ ಕಷ್ಟ.

ಬರುವಾಗ ಅತ್ತೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಮುಂದಿನ ಸೀಟು ಖಾಲಿಯಿತ್ತು.

ಸೆಪ್ಟೆಂಬರ್ 6

ಚಿಕಿತ್ಸೆ ಸೋಮವಾರದಿಂದ. ಬೆಳಿಗ್ಗೆ ಅತ್ತೆ ಎರಡು ಚೀಟಿ ತುಂಬಾ ಬರೆದು ಕೊಟ್ಟರು. ನಿಲ್ದಾಣದಲ್ಲಿ ಒಂದು ನಿಯಮ ಇತ್ತಂತೆ. ತಪ್ಪು ಘೋಷಣೆ ಮಾಡಿದವರೇ ತಿದ್ದುಪಡಿ ಹೇಳಬೇಕು. ಪಾಳಿ ಮುಗಿದು ಮನೆಗೆ ಹೋಗಿದ್ದರೂ ವಾಪಸ್ ಬಂದು ಹೇಳಬೇಕು. ಹದಿನಾರರಿಂದ ಇಪ್ಪತ್ತೇಳರವರೆಗಿನ ಅಧ್ಯಾಯಗಳನ್ನು ಮತ್ತೆ ಓದಲು ಅವರಿಗಾಗುವುದಿಲ್ಲ. ಹಾಗಾಗಿ ಪ್ರತಿ ಅಧ್ಯಾಯದ ಮುಂದೆ ತಿದ್ದುಪಡಿ ಸೇರಬೇಕು. ಆಪರೇಟರ್ ಅಣ್ಣನಿಗೆ ಇವರಿಂದ ಫೋನ್ ಮಾಡಿಸಿ ಒಪ್ಪಿಸಿಯೂ ಆಗಿದೆ. ಕೊನೆಯ ಸಾಲು: "ನೀನು ಬರಿ. ನೀನೇ ಓದು."

ಬರೆದು ತೋರಿಸಿದೆ: "ತಾಂತ್ರಿಕ ಕಾರಣಗಳಿಂದ ಈ ಅಧ್ಯಾಯದ ಧ್ವನಿ..."

ಅತ್ತೆ ಕೆಂಪು ಪೆನ್ನು ತೆಗೆದುಕೊಂಡು ಮೊದಲ ಎರಡು ಪದ ಹೊಡೆದುಹಾಕಿ, ಪಕ್ಕದಲ್ಲಿ ಬರೆದರು: "ಗಾಡಿ ಯಾಕೆ ತಡ ಅಂತ ಗೊತ್ತಿದ್ರೂ ನಾವು ಮೂವತ್ತೊಂದು ವರ್ಷ ಇದನ್ನೇ ಹೇಳಿದ್ವಿ. ನೀನು ಬೇಡ."

ನಾಲ್ಕನೆಯ ಸಲ ಬರೆದದ್ದು ಒಪ್ಪಿಗೆಯಾಯಿತು. ನಾನು ಬೀರುವಿನ ಮುಂದೆ ಸ್ಟೂಲಿನ ಮೇಲೆ ಕೂತೆ. ಕಂಬಳಿ ಸಿಕ್ಕಿಸುವ ಕೊಕ್ಕೆ ಮುರಿದಿತ್ತು. ಇವರು ಬಂದು ಎರಡೂ ಕೈಯಲ್ಲಿ ಕಂಬಳಿ ಎತ್ತಿ ಹಿಡಿದು ನಿಂತರು. ಹದಿನೆಂಟು ದಿನದ ಮೇಲೆ ನನ್ನ ಜೊತೆ ಮಾತಾಡಿದರು: "ಸರಿಯಾಗಿ ಓದು. ಅಮ್ಮ ಮತ್ತೆ ಮತ್ತೆ ಓದ್ಸಿದ್ರೆ ನನ್ನ ತೋಳು ಬಿದ್ದೋಗುತ್ತೆ."

ಅತ್ತೆ ಹೆಡ್‌ಫೋನ್ ಹಾಕಿಕೊಂಡು ಎದುರು ಕೂತರು. ಎಡವಿದ ಕಡೆಯೆಲ್ಲ ಕೈ ಎತ್ತಿದರು. ನಾನು ಮೊದಲಿನಿಂದ ಓದಿದೆ. ಆರು ಸಲ ಕೈ ಎತ್ತಿದರು, ಏಳನೆಯ ಸಲ ಎತ್ತಲಿಲ್ಲ.

"ಕೇಳುಗರ ಗಮನಕ್ಕೆ. ಈ ಅಧ್ಯಾಯವನ್ನು ಓದುವಾಗ ನನ್ನ ಅತ್ತೆಯ ಗಂಟಲು ಒಡೆದಿತ್ತು. ಆ ಒಡಕನ್ನು ನಾನು ಅವರಿಗೆ ಹೇಳದೆ ಅಳಿಸಿದೆ. ನೀವು ಈಗ ಕೇಳುವುದು ಅವರ ನಿಜವಾದ ಧ್ವನಿಯಲ್ಲ. ತಪ್ಪು ನನ್ನದು. ಅಧ್ಯಾಯ ಹದಿನಾರು."

ಮುಗಿಸಿ, "ಇದನ್ನೇ ಕಾಪಿ ಮಾಡಿ ಉಳಿದವಕ್ಕೂ ಹಾಕ್ತೀನಿ ಅತ್ತೆ, ಕೊನೆಯ ಸಂಖ್ಯೆ ಮಾತ್ರ ಬದಲಾದ್ರೆ ಸಾಕಲ್ಲ" ಎಂದೆ.

ಅತ್ತೆ ತಲೆ ಅಲ್ಲಾಡಿಸಿದರು. ಹತ್ತು ಬೆರಳು ತೋರಿಸಿದರು, ಆಮೇಲೆ ಇನ್ನೊಂದು.

ಇವರು ನಿಟ್ಟುಸಿರು ಬಿಟ್ಟು ಕಂಬಳಿಯನ್ನು ಮತ್ತೆ ಎತ್ತಿ ಹಿಡಿದರು. ನಾನು ಹಾಳೆಯನ್ನು ಮೊದಲ ಸಾಲಿಗೆ ತಂದುಕೊಂಡು, ಉಸಿರು ತೆಗೆದುಕೊಂಡು, ಹದಿನೇಳನೆಯ ಅಧ್ಯಾಯಕ್ಕೆ ಶುರು ಮಾಡಿದೆ.